ಹಳೆಯ ಕಾರಿನ ಕೆಂಪು ದೀಪ

ಅಂಬಾಸಡರ್, ಪದ್ಮಿನಿ ಮೊದಲಾದ ಹಳೆಯ ಕಾರುಗಳಲ್ಲಿ ಚಾಲಕನ ಕಣ್ಣೆದುರಿಗೆ ಒಂದು ಚಿಕ್ಕ ಕೆಂಪು ದೀಪವಿರುವುದನ್ನು ವಿದ್ಯಾರ್ಥಿಗಳು ನೋಡಿರಬಹುದು. ಬೀಗದ ಕೈಯನ್ನು ತಿರುಗಿಸಿದೊಡನೆ ಅದು ಹೊತ್ತಿಕೊಳ್ಳುತ್ತದೆ. ಎಂಜಿನು ಓಡತೊಡಗಿದ ಮೇಲೆ ಆರಿಹೋಗುತ್ತದೆ. ಗಾಡಿ ದಾರಿಯಲ್ಲಿ ಓಡುತ್ತಿರುವಾಗ ಅದು ಮತ್ತೆ ಹೊತ್ತಿಕೊಂಡಿತೆಂದರೆ, ವಿದ್ಯುತ್ತಿನ ಆದಾಯವು ನಿಂತು ಬರಿಯ ವೆಚ್ಚವು ಮಾತ್ರ ನಡೆಯುತ್ತಿದೆಯೆಂದು ತಿಳಿಯಬೇಕು. ಈ ದೀಪದ ಮಾತನ್ನು ಅರ್ಥಮಾಡಿಕೊಳ್ಳುವುದಕ್ಕೆ ಹತ್ತನೆಯ ತರಗತಿಯ ವಿಜ್ಞಾನಪಾಠಕ್ಕಿಂತ ಹೆಚ್ಚಿನ ವಿದ್ಯೆಯೇನೂ ಬೇಕಾಗಿಲ್ಲ. ಆದರೂ ನಮ್ಮ ಕಡೆಯಲ್ಲಿ ಅನೇಕರು ಗಾಡಿ ಹೊರಡದಿದ್ದೊಡನೆ ಹೊಸ ಬ್ಯಾಟರಿಯನ್ನು ಕೊಂಡು ತರುವರು. ಕೆಲವು ತಿಂಗಳಲ್ಲಿ ಅದೂ ಬರಿದಾದಾಗ ಅಂಗಡಿಯವನನ್ನು ದೂರುವರು. ಬ್ಯಾಟರಿಯ ಬೆಲೆ ಈಗ ಸಾವಿರಾರು ರೂಪಾಯಿ. ಬಾಡಿಗೆಯ ಗಾಡಿಯನ್ನೇ ನಂಬಿದ ಸಂಸಾರಕ್ಕೆ ಅದು ಮಕ್ಕಳ ಪುಸ್ತಕ ಬಟ್ಟೆಗಳ ಹಣ.

ತಾಳವಾಡಿ ಸೀಮೆಯವರಿಗೆ ಈ ವಿಷಯದಲ್ಲಿ ಹಣಕ್ಕಿಂತ ದೊಡ್ಡ ಕಾರಣವೂ ಒಂದುಂಟು. ಇಲ್ಲಿಂದ ಸತ್ಯಮಂಗಲಕ್ಕಾಗಲಿ ಈರೋಡಿಗಾಗಲಿ ಹೋಗಬೇಕಾದರೆ ಹಾಸನೂರನ್ನು ದಾಟಿ, ದಿಂಬಂ ಘಟ್ಟದ 27 ತಿರುವುಗಳನ್ನು ಇಳಿದು ಬಣ್ಣಾರಿಯನ್ನು ಸೇರಬೇಕು. ಈ ಕಾಡು 2013ರಲ್ಲಿ ಹುಲಿ ಸಂರಕ್ಷಿತ ಪ್ರದೇಶವೆಂದು ಘೋಷಿತವಾಯಿತು. 2022ರಲ್ಲಿ ಉಚ್ಚ ನ್ಯಾಯಾಲಯದ ಆದೇಶದಂತೆ ಈ ದಾರಿಯಲ್ಲಿ ರಾತ್ರಿಯ ವಾಹನಸಂಚಾರಕ್ಕೆ ನಿರ್ಬಂಧವೂ ಬಂದಿತು. ಭಾರದ ಲಾರಿಯೊಂದು ತಿರುವಿನಲ್ಲಿ ಸಿಕ್ಕಿಕೊಂಡರೆ ಹಿಂದಿನ ಗಾಡಿಗಳೆಲ್ಲ ಗಂಟೆಗಟ್ಟಲೆ ನಿಲ್ಲಬೇಕಾಗುವುದು. ಅಂಥ ವೇಳೆಯಲ್ಲಿ ಮಂಜು ಕವಿದು ಸಂಜೆಯಾಗಿ, ಆನೆಗಳು ರಸ್ತೆಯ ಬದಿಗೆ ಬರುವ ಹೊತ್ತಿನಲ್ಲಿ, ಮುಂದಿನ ದೀಪಗಳು ಕೆಂಪಗಾಗಿ ಮಂಕಾದರೆ ಗಾಡಿಯಲ್ಲಿರುವ ರೋಗಿಯ ಗತಿಯೇನು, ಹೆರಿಗೆಗೆ ಹೊರಟ ಹೆಂಗಸಿನ ಗತಿಯೇನು? ಆದಕಾರಣ ದೋಷವನ್ನು ಮನೆಯ ಅಂಗಳದಲ್ಲಿಯೇ ಹಗಲಿನಲ್ಲಿ ಹುಡುಕುವುದು ಲೇಸು.

ಮೊದಲು ಬ್ಯಾಟರಿ ಎಂದರೇನೆಂಬುದನ್ನು ಸರಿಯಾಗಿ ತಿಳಿಯೋಣ. ಅದು ನಮ್ಮ ಹಿರಿಯರು ರಾಗಿಯನ್ನು ತುಂಬಿಡುತ್ತಿದ್ದ ಹಗೇವಿನಂತೆ. ಹಗೇವು ರಾಗಿಯನ್ನು ಬೆಳೆಯುವುದಿಲ್ಲ. ಹೊಲದಲ್ಲಿ ಬೆಳೆದುದನ್ನು ಕಾದಿಡುವುದು ಮಾತ್ರ. ಫ್ರಾನ್ಸಿನ ಗಾಸ್ಟನ್ ಪ್ಲಾಂಟೆಯು 1859ರಲ್ಲಿ ಸೀಸದ ತಗಡುಗಳನ್ನು ದುರ್ಬಲ ಗಂಧಕಾಮ್ಲದಲ್ಲಿ ಮುಳುಗಿಸಿ ಇಂಥ ವಿದ್ಯುತ್ಕಣಜವನ್ನು ಮೊದಲು ಮಾಡಿದನು. ಕಾರಿನ ಬ್ಯಾಟರಿಯಲ್ಲಿ ಇಂಥ ಆರು ಕೋಶಗಳು ಸಾಲಾಗಿ ಇರುವುವು. ಒಂದೊಂದರ ಒತ್ತಡ ಸುಮಾರು 2.1 ವೋಲ್ಟ್. ಆದುದರಿಂದ ತುಂಬಿದ ಬ್ಯಾಟರಿಯು ವಿಶ್ರಾಂತಿಯಲ್ಲಿರುವಾಗ ಸುಮಾರು 12.6 ವೋಲ್ಟುಗಳನ್ನು ತೋರಿಸುವುದು. 12.2 ಇದ್ದರೆ ಅರ್ಧ ಖಾಲಿ, 11.9ಕ್ಕೆ ಇಳಿದರೆ ಹಗೇವಿನ ತಳ ಕಂಡಂತೆಯೇ. ‘ಹನ್ನೆರಡು ವೋಲ್ಟಿದೆ, ಚೆನ್ನಾಗಿದೆ’ ಎಂದು ಹೇಳುವವರು ಈ ಲೆಕ್ಕವನ್ನು ನೋಡಿಕೊಳ್ಳಬೇಕು.

ಹಾಗಾದರೆ ಹೊಲ ಯಾವುದು? ಎಂಜಿನಿನ ಪಕ್ಕದಲ್ಲಿ ಪಟ್ಟಿಯಿಂದ ತಿರುಗುವ ಡೈನಮೋ ಅಥವಾ ಆಲ್ಟರ್ನೇಟರ್ ಎಂಬ ಯಂತ್ರವೇ ಹೊಲ. ತಂತಿಯ ಸುರುಳಿಯೂ ಅಯಸ್ಕಾಂತವೂ ಒಂದರ ಬಳಿಯಲ್ಲಿ ಒಂದು ಚಲಿಸಿದರೆ ತಂತಿಯಲ್ಲಿ ವಿದ್ಯುತ್ತು ಹುಟ್ಟುವುದೆಂದು ಮೈಕೆಲ್ ಫ್ಯಾರಡೆಯು 1831ರಲ್ಲಿ ಕಂಡುಹಿಡಿದನು. ನಮಗೆ ದೂರವಲ್ಲದ ಶಿವನಸಮುದ್ರದಲ್ಲಿ ಕಾವೇರಿಯ ನೀರು ಯಂತ್ರಗಳನ್ನು ತಿರುಗಿಸಿ, 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತನ್ನು ಕಳುಹಿಸಿದುದೂ ಈ ತತ್ತ್ವದಿಂದಲೇ. ಅಲ್ಲಿ ಜಲಪಾತವು ಮಾಡುವ ಕೆಲಸವನ್ನು ಕಾರಿನಲ್ಲಿ ಒಂದು ರಬ್ಬರಿನ ಪಟ್ಟಿಯು ಮಾಡುವುದು. ಸೈಕಲ್ಲಿನ ಡೈನಮೋ ದೀಪವನ್ನು ಕಂಡವರಿಗೆ ಇನ್ನೊಂದು ಸಂಗತಿಯೂ ಗೊತ್ತು: ವೇಗ ಹೆಚ್ಚಿದರೆ ಬೆಳಕು ಹೆಚ್ಚು, ನಿಧಾನವಾದರೆ ಬೆಳಕು ಕ್ಷೀಣ. ಹಳೆಯ ಕಾರಿನ ಅರ್ಧ ಗುಟ್ಟು ಇದರಲ್ಲಿಯೇ ಇದೆ.

ಮೊದಲಿನ ಕಾರುಗಳಲ್ಲಿ ಇದ್ದುದು ಡೈನಮೋ. ಎಂಜಿನು ಮಂದಗತಿಯಲ್ಲಿರುವಾಗ ಅದು ಬ್ಯಾಟರಿಗಿಂತ ಹೆಚ್ಚಿನ ಒತ್ತಡವನ್ನು ಕೊಡಲಾರದು. ಆಗ ಬ್ಯಾಟರಿಯ ವಿದ್ಯುತ್ತು ಹಿಂದಕ್ಕೆ ಹರಿದುಹೋಗದಂತೆ ಕಟ್‌ಔಟ್ ಎಂಬ ಬಾಗಿಲು ಮುಚ್ಚಿಕೊಳ್ಳುವುದು. ವೇಗ ಹೆಚ್ಚಿದಾಗ ಒತ್ತಡ ಮಿತಿಮೀರದಂತೆ ನಿಯಂತ್ರಕವು ನೋಡಿಕೊಳ್ಳುವುದು. ಇವೆರಡೂ ಒಂದು ಕಪ್ಪು ಪೆಟ್ಟಿಗೆಯಲ್ಲಿರುವುವು. 1960ರ ಸುಮಾರಿನಿಂದ ಸಿಲಿಕಾನ್ ಡಯೋಡುಗಳು ಬಳಕೆಗೆ ಬಂದಮೇಲೆ ಆಲ್ಟರ್ನೇಟರುಗಳು ಡೈನಮೋಗಳ ಸ್ಥಾನವನ್ನು ಆಕ್ರಮಿಸಿದುವು. ಡಯೋಡು ತಾನೇ ಒಮ್ಮುಖದ ಬಾಗಿಲಾದ್ದರಿಂದ ಅಲ್ಲಿ ಕಟ್‌ಔಟ್ ಬೇಕಿಲ್ಲ; ಮಂದಗತಿಯಲ್ಲಿಯೂ ಅದು ಸ್ವಲ್ಪ ವಿದ್ಯುತ್ತನ್ನು ಕೊಡುವುದು. ಅಂಬಾಸಡರ್ ಕಾರುಗಳು 2014ರವರೆಗೂ ತಯಾರಾದುದರಿಂದ ಅವುಗಳಲ್ಲಿ ಎರಡು ಬಗೆಯವೂ ಉಂಟು. ಪರೀಕ್ಷೆಗೆ ಮುಂಚೆ ನಿಮ್ಮ ಗಾಡಿಯಲ್ಲಿರುವುದು ಯಾವುದೆಂದು ನೋಡಿಕೊಳ್ಳಿರಿ. ಡೈನಮೋ ಉದ್ದನೆಯ ಕೊಳವೆಯಂತೆ. ಆಲ್ಟರ್ನೇಟರ್ ಗಿಡ್ಡವಾಗಿ ದಪ್ಪಗೆ, ಗಾಳಿಯಾಡುವ ಕಿಂಡಿಗಳುಳ್ಳದ್ದು. ಡೈನಮೋ ಗಾಡಿ ನಿಂತಿರುವಾಗ ಕೆಂಪು ದೀಪ ಮಿಣುಕಿದರೆ ಅದು ದೋಷವಲ್ಲ. ಆಲ್ಟರ್ನೇಟರಿನಲ್ಲಿ ಹಾಗಾದರೆ ದೋಷವೇ.

ಕೆಂಪು ದೀಪವು ಹೊತ್ತುವುದು ಹೇಗೆ? ಅದರ ಒಂದು ತುದಿ ಬ್ಯಾಟರಿಯ ಕಡೆಗೂ ಮತ್ತೊಂದು ತುದಿ ಉತ್ಪಾದಕ ಯಂತ್ರದ ಕಡೆಗೂ ಸೇರಿದೆ. ಎರಡು ಕಡೆಯೂ ಸಮನಾದ ಒತ್ತಡವಿದ್ದರೆ ನಡುವಿನ ದೀಪದಲ್ಲಿ ಪ್ರವಾಹವಿಲ್ಲ. ಒಂದೇ ಮಟ್ಟದ ಎರಡು ಕೆರೆಗಳ ನಡುವಿನ ಕಾಲುವೆಯಲ್ಲಿ ನೀರು ಹರಿಯದಂತೆ. ಒಂದು ಕಡೆ ತಗ್ಗಿದರೆ ದೀಪ ಹೊತ್ತುವುದು. ಹೆಚ್ಚು ತಗ್ಗಿದರೆ ಪ್ರಕಾಶವಾಗಿಯೂ ಸ್ವಲ್ಪವೇ ತಗ್ಗಿದರೆ ಮಸಕಾಗಿಯೂ ಉರಿಯುವುದು. ಈ ಮಸಕು ಬೆಳಕನ್ನು ನೆನಪಿನಲ್ಲಿಡಿರಿ. ಮುಂದೆ ಅದರ ಮಾತು ಬರುತ್ತದೆ. ಬೀಗದ ಕೈ ತಿರುಗಿಸಿದಾಗ ದೀಪವು ಹೊತ್ತಲೇ ಇಲ್ಲವಾದರೆ ಸಂತೋಷಪಡಬೇಡಿರಿ. ಬಲ್ಬು ಸುಟ್ಟಿರಬಹುದು. ಅನೇಕ ಆಲ್ಟರ್ನೇಟರುಗಳಿಗೆ ಮೊದಲ ಕಾಂತಶಕ್ತಿಯನ್ನು ಕೊಡುವ ಪ್ರವಾಹವು ಈ ಬಲ್ಬಿನ ಮೂಲಕವೇ ಹೋಗುವುದು. ಅಲ್ಪ ಬೆಲೆಯ ಬಲ್ಬು ಸತ್ತರೆ ಇಡೀ ಯಂತ್ರವೇ ಎಚ್ಚರವಾಗದೆ ಇರಬಹುದು.

ದಾರಿಯಲ್ಲಿ ಕೆಂಪು ದೀಪ ಹೊತ್ತಿದರೆ ಮೊದಲು ನೋಡಬೇಕಾದುದು ಬ್ಯಾಟರಿಯನ್ನಲ್ಲ, ಎಂಜಿನಿನ ಶಾಖಮಾಪಕವನ್ನು. ಹಳೆಯ ಕಾರುಗಳಲ್ಲಿ ಸಾಮಾನ್ಯವಾಗಿ ಒಂದೇ ಪಟ್ಟಿಯು ಉತ್ಪಾದಕವನ್ನೂ ನೀರಿನ ಪಂಪನ್ನೂ ತಿರುಗಿಸುವುದು. ಪಟ್ಟಿಯು ಹರಿದಿದ್ದರೆ ಎಂಜಿನು ಕೆಲವೇ ನಿಮಿಷಗಳಲ್ಲಿ ಕುದಿಯುವುದು. ಆಗ ಕೂಡಲೇ ನಿಲ್ಲಿಸಬೇಕು. ಪಟ್ಟಿ ಇದ್ದು ಶಾಖವೂ ಸರಿಯಾಗಿದ್ದರೆ, ಇನ್ನೆಷ್ಟು ದೂರ ಹೋಗಬಹುದೆಂಬುದು ಲೆಕ್ಕದ ಪ್ರಶ್ನೆ. ವಿದ್ಯಾರ್ಥಿಗಳು ಈ ಲೆಕ್ಕವನ್ನು ತಾವೇ ಮಾಡಿ ನೋಡಲಿ. ಕಿಡಿ ಹಾರಿಸುವ ಸುರುಳಿಗೆ ಸುಮಾರು 4 ಆಂಪಿಯರ್ ಬೇಕು. ಮುಂದಿನ ಎರಡು ದೀಪಗಳು ಒಂದೊಂದು 45 ವಾಟ್ ಆದರೆ ಒಟ್ಟು 90 ವಾಟ್. 12ರಿಂದ ಭಾಗಿಸಿದರೆ 7.5 ಆಂಪಿಯರ್. ಹಿಂದಿನ ದೀಪಗಳಿಗೆ 2, ಗಾಜೊರೆಸುವ ಕೈಗೆ 3 ಎಂದಿಟ್ಟುಕೊಳ್ಳಿ. ಒಟ್ಟು 16.5. ಬ್ಯಾಟರಿಯು 60 ಆಂಪಿಯರ್-ಗಂಟೆಗಳದಾಗಿ ಅರ್ಧ ತುಂಬಿದ್ದರೆ ಹಗಲಿನಲ್ಲಿ, ಕಿಡಿಯ ವೆಚ್ಚ ಮಾತ್ರವಿರುವಾಗ, ಏಳು ಗಂಟೆಗಳಿಗೂ ಮೇಲ್ಪಟ್ಟು ಸಾಗಬಹುದು. ಮಳೆಯ ರಾತ್ರಿಯಲ್ಲಿ ಎರಡು ಗಂಟೆಯೂ ಇಲ್ಲ. ಕಾಗದದ ಲೆಕ್ಕಕ್ಕಿಂತ ನಿಜವಾದ ಆಯುಸ್ಸು ಇನ್ನೂ ಕಡಿಮೆ. ದೀಪಗಳು ಅದಕ್ಕೂ ಬಹಳ ಮುಂಚೆಯೇ ಮಂಕಾಗುವುವು. ಆದುದರಿಂದ ಬೆಳಗಿನ ಹತ್ತು ಗಂಟೆಗೆ ಹಾಸನೂರಿನಲ್ಲಿ ದೀಪ ಹೊತ್ತಿದರೆ ಸತ್ಯಮಂಗಲದವರೆಗೆ ಹೋಗಿ ತೋರಿಸಬಹುದು. ಸಂಜೆಯ ಹೊತ್ತಿನಲ್ಲಿ ಹೊತ್ತಿದರೆ ಘಟ್ಟವನ್ನು ಇಳಿಯತಕ್ಕದ್ದಲ್ಲ.

ಗಾಡಿಯನ್ನು ಹೊರಡಿಸುವ ಸ್ಟಾರ್ಟರೇ ಬ್ಯಾಟರಿಯನ್ನು ನುಂಗುವುದೆಂದು ಹಲವರ ನಂಬಿಕೆ. ಅದೂ ಲೆಕ್ಕಕ್ಕೆ ನಿಲ್ಲುವುದಿಲ್ಲ. ಸ್ಟಾರ್ಟರು 150 ಆಂಪಿಯರನ್ನು 4 ಸೆಕೆಂಡು ಎಳೆದರೆ 600 ಆಂಪಿಯರ್-ಸೆಕೆಂಡು. ಉತ್ಪಾದಕವು 10 ಆಂಪಿಯರಿನಂತೆ ಹಿಂದಿರುಗಿಸಿದರೆ ಒಂದು ನಿಮಿಷದಲ್ಲಿ ಸಾಲ ತೀರಿತು. ನಷ್ಟವನ್ನು ಸೇರಿಸಿದರೂ ಎರಡು ನಿಮಿಷ. ಬಡತನ ಬರುವುದು ಒಮ್ಮೆಯ ದೊಡ್ಡ ಖರ್ಚಿನಿಂದಲ್ಲ, ಆದಾಯವಿಲ್ಲದೆ ದಿನವೂ ನಡೆಯುವ ಚಿಕ್ಕ ಖರ್ಚಿನಿಂದ.

ಇನ್ನು ಶೋಧನೆ. ಇದಕ್ಕೆ ಬೇಕಾದುದು ಕೆಲವು ನೂರು ರೂಪಾಯಿಗೆ ದೊರೆಯುವ ಒಂದು ಮಲ್ಟಿಮೀಟರು, ಉಜ್ಜುಕಾಗದ, ತಾಳ್ಮೆ. ಓಡುವ ಎಂಜಿನಿನ ಬಳಿ ಮಕ್ಕಳು ಒಬ್ಬರೇ ಹೋಗಕೂಡದು. ದೊಡ್ಡವರು ಹೋಗುವಾಗಲೂ ಪಂಚೆಯ ತುದಿ, ಸೆರಗು, ಜಡೆ ಇವು ಫ್ಯಾನಿಗೆ ಸಿಕ್ಕದಂತೆ ಕಟ್ಟಿಕೊಳ್ಳಬೇಕು. ಬ್ಯಾಟರಿಯಿಂದ ಹೊರಡುವ ಜಲಜನಕವು ಸ್ಫೋಟಕ ಅನಿಲ. ಬಗ್ಗಿ ನೋಡುವವರ ಬಾಯಲ್ಲಿ ಬೀಡಿ ಇರಕೂಡದು.

ಮೀಟರಿಗೆ ಮೊದಲು ಕಣ್ಣು, ಕೈ. ಎಂಜಿನನ್ನು ನಿಲ್ಲಿಸಿ, ಪಟ್ಟಿಯ ಉದ್ದನೆಯ ಭಾಗವನ್ನು ಹೆಬ್ಬೆರಳಿನಿಂದ ಒತ್ತಿದರೆ ಸುಮಾರು ಅರ್ಧ ಅಂಗುಲ ಬಗ್ಗಬೇಕು. ಸಡಿಲವಾಗಿ ಹೊಳಪೇರಿದ ಪಟ್ಟಿಯು ಜಾರುವುದು. ದೀಪ ಹಾಕಿದೊಡನೆ ಕೀರಲು ದನಿ ಕೇಳಿಬರುವುದು ಇದರ ಗುರುತು. ಅತಿಯಾಗಿ ಬಿಗಿದರೆ ಬೇರಿಂಗುಗಳು ಸವೆಯುವುವು. ಬಳಿಕ ಬ್ಯಾಟರಿಯ ಎರಡು ಗುಂಡಿಗಳ ಮೇಲೆ ಬೂದು ಅಥವಾ ಹಸಿರು ಹಿಟ್ಟು ಕಟ್ಟಿದೆಯೇ ನೋಡಿ, ಅಡಿಗೆಸೋಡ ಬೆರೆಸಿದ ಬಿಸಿನೀರಿನಿಂದ ತೊಳೆದು, ಒರಸಿ, ಉಜ್ಜಿ, ಬಿಗಿದು ವ್ಯಾಸಲಿನ್ ಸವರಬೇಕು. ಸೋಡದ ನೀರು ಒಳಗಿನ ಕೋಶಗಳಿಗೆ ಇಳಿಯದಂತೆ ಮುಚ್ಚಳಗಳು ಭದ್ರವಾಗಿರಲಿ. ಕೋಶಗಳಲ್ಲಿ ದ್ರವ ತಗ್ಗಿದ್ದರೆ ಬಟ್ಟಿಯಿಳಿಸಿದ ನೀರನ್ನೇ ಹಾಕಬೇಕು. ಕೊಳವೆಬಾವಿಯ ಗಡುಸು ನೀರು ಸಲ್ಲದು. ಆಮ್ಲವನ್ನು ಸುರಿಯುವುದಂತೂ ಸಲ್ಲವೇ ಸಲ್ಲದು.

ಇಷ್ಟಾದ ಮೇಲೆ ಮೀಟರನ್ನು ಬ್ಯಾಟರಿಗೆ ಹಿಡಿಯಿರಿ. ಎಂಜಿನು ನಿಂತಿರುವಾಗ ಬಂದ ಅಂಕಿಯನ್ನು ಬರೆದುಕೊಂಡು, ಎಂಜಿನನ್ನು ಮಂದಗತಿಗಿಂತ ಸ್ವಲ್ಪ ಹೆಚ್ಚಾಗಿ ಓಡಿಸಿ ಮತ್ತೆ ನೋಡಬೇಕು. 13.8ರಿಂದ 14.5ರ ಒಳಗಿದ್ದರೆ ಬೆಳೆ ಹಗೇವಿಗೆ ಬರುತ್ತಿದೆ. ಮೊದಲಿನ ಅಂಕಿಯೇ ನಿಂತಿದ್ದರೆ ಅಥವಾ ಇಳಿಯುತ್ತಿದ್ದರೆ ಬರುತ್ತಿಲ್ಲ. 15ನ್ನು ಮೀರಿದರೆ ನಿಯಂತ್ರಕ ಕೆಟ್ಟಿದೆ. ಬ್ಯಾಟರಿಯ ನೀರು ಪದೇ ಪದೇ ಆರುವುದು, ಕೊಳೆತ ಮೊಟ್ಟೆಯ ವಾಸನೆ ಬರುವುದು ಇದರ ಲಕ್ಷಣ. ಅಳತೆಯನ್ನು ಅಲ್ಲಿಗೇ ನಿಲ್ಲಿಸದೆ, ಎಲ್ಲ ದೀಪಗಳನ್ನೂ ಹಾಕಿ ಇನ್ನೊಮ್ಮೆ ನೋಡಬೇಕು. ಹಗಲಿನಲ್ಲಿ ಸತ್ಯವಂತನಾದ ಯಂತ್ರವು ರಾತ್ರಿಯ ಹೊರೆಯಲ್ಲಿ ಸುಳ್ಳು ಹೇಳುವುದುಂಟು.

ನಮ್ಮ ಸೀಮೆಯ ಬಾಡಿಗೆಯ ಅಂಬಾಸಡರ್ ಒಂದರಲ್ಲಿ ನಡೆದುದು ಹೀಗೆಯೇ. ಮಾಲೀಕರು ಎರಡು ವರ್ಷಗಳಲ್ಲಿ ಎರಡು ಬ್ಯಾಟರಿಗಳನ್ನು ಕೊಂಡಿದ್ದರು. ಹಗಲಿನ ಬಾಡಿಗೆಗೆ ಗಾಡಿ ಚೆನ್ನಾಗಿಯೇ ಇತ್ತು. ಮದುವೆಯ ಕಾಲದಲ್ಲಿ ರಾತ್ರಿಯ ಓಡಾಟ ಹೆಚ್ಚಾದಾಗ ಮಾತ್ರ ಮುಂಜಾನೆ ಹೊರಡುತ್ತಿರಲಿಲ್ಲ. ದೀಪ ಹಾಕಿಕೊಂಡು ಓಡಿಸುವಾಗ ಕೆಂಪು ದೀಪವು ಕತ್ತಲೆಯಲ್ಲಿ ಮಾತ್ರ ಕಾಣುವಷ್ಟು ಮಸಕಾಗಿ ಉರಿಯುತ್ತಿತ್ತು. ಆಲ್ಟರ್ನೇಟರನ್ನೇ ಬದಲಿಸಬೇಕೆಂದು ಒಬ್ಬರು, ಚಾಸಿಗೆ ಸೇರುವ ಭೂತಂತಿ ಕೆಟ್ಟಿದೆಯೆಂದು ಇನ್ನೊಬ್ಬರು ಹೇಳಿದರು. ಕಡೆಗೆ ಒಬ್ಬ ತರುಣ ಮೆಕ್ಯಾನಿಕನು ಎಲ್ಲ ದೀಪಗಳನ್ನೂ ಹಾಕಿಸಿ, ಒಂದೇ ವೇಳೆಯಲ್ಲಿ ಎರಡು ಸ್ಥಳಗಳಲ್ಲಿ ಅಳೆದನು. ಆಲ್ಟರ್ನೇಟರಿನ ದಪ್ಪ ತಂತಿಯ ಬುಡದಲ್ಲಿ 14.3, ಬ್ಯಾಟರಿಯಲ್ಲಿ 12.5. ನಡುವೆ 1.8 ವೋಲ್ಟು ಕಾಣೆಯಾಗಿತ್ತು.

ಜಾರ್ಜ್ ಓಮ್ ಎಂಬ ಜರ್ಮನಿಯ ಅಧ್ಯಾಪಕನು 1827ರಲ್ಲಿ ಪ್ರಕಟಿಸಿದ ನಿಯಮವನ್ನು ಇಲ್ಲಿ ಹಚ್ಚಿ ನೋಡಿ. ಆಗ ತಂತಿಯಲ್ಲಿ ಹರಿಯುತ್ತಿದ್ದುದು ಸುಮಾರು 18 ಆಂಪಿಯರ್. 1.8ನ್ನು 18ರಿಂದ ಭಾಗಿಸಿದರೆ ಓಮಿನ ಹತ್ತನೆಯ ಒಂದು ಭಾಗ. ಅಷ್ಟು ಚಿಕ್ಕ ರೋಧವನ್ನು ಸಾಧಾರಣ ಮೀಟರಿನಿಂದ ನೇರವಾಗಿ ಅಳೆಯುವುದು ಕಷ್ಟ; ಪ್ರವಾಹವನ್ನು ಹರಿಯಿಸಿ ಒತ್ತಡದ ನಷ್ಟವನ್ನು ಅಳೆದರೆ ಅದು ತಾನಾಗಿ ಬಯಲಿಗೆ ಬರುವುದು. ಹಗಲಿನಲ್ಲಿ 4 ಆಂಪಿಯರ್ ಮಾತ್ರ ಹರಿದರೆ ನಷ್ಟ 0.4 ವೋಲ್ಟು, ಬ್ಯಾಟರಿಗೆ 13.9 ದೊರೆಯುವುದು, ಯಾರಿಗೂ ಸಂಶಯ ಬರುವುದಿಲ್ಲ. ರೋಧವು ಭೂತಂತಿಯಲ್ಲಿದೆ ಎನ್ನುವ ಮಾತನ್ನಾದರೂ ಪರೀಕ್ಷಿಸೋಣ. ಆ ತಂತಿಯ ಮೂಲಕವೇ ಸ್ಟಾರ್ಟರಿನ 150 ಆಂಪಿಯರ್ ಹಿಂದಿರುಗಬೇಕು. 150ನ್ನು 0.1ರಿಂದ ಗುಣಿಸಿದರೆ 15 ವೋಲ್ಟು. ಬ್ಯಾಟರಿಯಲ್ಲಿರುವುದೇ ಹನ್ನೆರಡು ಚಿಲ್ಲರೆ! ಅಂದರೆ ಭೂತಂತಿಯಲ್ಲಿ ಅಷ್ಟು ರೋಧವಿದ್ದಿದ್ದರೆ ತುಂಬಿದ ಹೊಸ ಬ್ಯಾಟರಿಯಿಂದಲೂ ಸ್ಟಾರ್ಟರು ತಿರುಗುತ್ತಿರಲಿಲ್ಲ. ಆದರೆ ಬ್ಯಾಟರಿ ತುಂಬಿದ್ದಾಗ ಅದು ಚೆನ್ನಾಗಿಯೇ ತಿರುಗುತ್ತಿತ್ತು. ಆದಕಾರಣ ದೋಷವು ಸ್ಟಾರ್ಟರಿನ ಪ್ರವಾಹ ಮುಟ್ಟದ ದಾರಿಯಲ್ಲಿ, ಎಂದರೆ ಆಲ್ಟರ್ನೇಟರಿನಿಂದ ಬರುವ ತಂತಿಯಲ್ಲಿಯೇ ಇರಬೇಕು. ಕೀಲುಗಳನ್ನು ಒಂದೊಂದಾಗಿ ಬಿಚ್ಚಿದಾಗ, ಸ್ಟಾರ್ಟರಿನ ಸ್ವಿಚ್ಚಿಗೆ ಆ ತಂತಿ ಸೇರುವ ಬಳೆ ಸಡಿಲವಾಗಿ, ಅದರ ಹೊದಿಕೆ ಸುಟ್ಟು ಕರಕಾಗಿತ್ತು. 18ನ್ನು 1.8ರಿಂದ ಗುಣಿಸಿದರೆ 32 ವಾಟ್. ಒಂದು ಚಿಕ್ಕ ಬೆಸುಗೆ ಕಡ್ಡಿಯ ಶಾಖ ಅಲ್ಲಿ ರಾತ್ರಿಯೆಲ್ಲ ಉರಿಯುತ್ತಿತ್ತು. ಹೊಸ ಬಳೆಯೊಂದನ್ನು ಒತ್ತಿ ಬಿಗಿದ ಮೇಲೆ ಎರಡು ಅಂಕಿಗಳ ನಡುವಿನ ಅಂತರ 0.2ಕ್ಕೆ ಇಳಿಯಿತು. ಆ ತರುಣನಿಗೆ ಓಮನ ಹೆಸರು ನೆನಪಿತ್ತೋ ಇಲ್ಲವೋ ತಿಳಿಯದು. ಅವನ ನಿಯಮವಂತೂ ಕೈಯಲ್ಲಿತ್ತು.

ಯಂತ್ರದ ಬುಡದಲ್ಲಿಯೇ ಒತ್ತಡ ಇಲ್ಲದಿದ್ದರೆ ಆಗ ಯಂತ್ರವನ್ನು ಸಂಶಯಿಸಬಹುದು. ಡೈನಮೋವನ್ನು ಬಿಚ್ಚದೆಯೇ ಪರೀಕ್ಷಿಸುವ ಹಳೆಯ ಕ್ರಮವೊಂದುಂಟು. ಡಿ, ಎಫ್ ಎಂಬ ಎರಡು ಗುಂಡಿಗಳ ತಂತಿಗಳನ್ನು ಕಳಚಿ, ಗುಂಡಿಗಳೆರಡನ್ನೂ ಒಂದು ತುಂಡು ತಂತಿಯಿಂದ ಜೋಡಿಸಿ, ಅದಕ್ಕೂ ಎಂಜಿನಿನ ಮೈಗೂ ಮೀಟರನ್ನು ಹಿಡಿಯಬೇಕು. ಎಂಜಿನಿನ ವೇಗವನ್ನು ಮೆಲ್ಲನೆ ಏರಿಸಿದರೆ ಅಂಕಿಯು ತಡೆಯಿಲ್ಲದೆ ಏರುವುದು; 20 ವೋಲ್ಟಿಗೆ ಬಂದೊಡನೆ ನಿಲ್ಲಿಸಬೇಕು, ಹೆಚ್ಚು ಓಡಿಸಿದರೆ ಸುರುಳಿ ಸುಡುವುದು. ಏನೂ ಬರದಿದ್ದರೆ ಮೊದಲು ಸವೆದ ಬ್ರಷ್ಷುಗಳನ್ನು ನೋಡಿ. ಅರ್ಧ ಅಥವಾ ಒಂದು ವೋಲ್ಟು ಬಂದರೆ ಕಾಂತಸುರುಳಿಯಲ್ಲಿಯೂ, ನಾಲ್ಕೈದು ಬಂದರೆ ತಿರುಗುವ ಸುರುಳಿಯಲ್ಲಿಯೂ ದೋಷವಿರುವ ಸಂಭವ. 20 ಬಂದರೆ ಡೈನಮೋ ನಿರಪರಾಧಿ. ಕಪ್ಪು ಪೆಟ್ಟಿಗೆಯನ್ನೋ ತಂತಿಗಳನ್ನೋ ವಿಚಾರಿಸಬೇಕು. ಈ ಪರೀಕ್ಷೆ ಡೈನಮೋವಿಗೆ ಮಾತ್ರ. ಆಲ್ಟರ್ನೇಟರಿಗೆ ಇದನ್ನು ಹಚ್ಚಕೂಡದು.

ಹಾಗೆಯೇ, ಓಡುವ ಎಂಜಿನಿನಲ್ಲಿ ಬ್ಯಾಟರಿಯ ತಂತಿಯನ್ನು ಕಳಚಿ ‘ಎಂಜಿನು ನಿಲ್ಲಲಿಲ್ಲ, ಆದುದರಿಂದ ಚಾರ್ಜು ಸರಿಯಾಗಿದೆ’ ಎನ್ನುವ ರೂಢಿ ಇಂದಿಗೂ ಕೆಲವರಲ್ಲಿದೆ. ಡೈನಮೋ ಕಾಲದಲ್ಲಿಯೂ ಅದು ಒಳ್ಳೆಯ ರೂಢಿಯಲ್ಲ. ಆಲ್ಟರ್ನೇಟರಿನಲ್ಲಿಯಂತೂ ಬ್ಯಾಟರಿಯ ಆಸರೆ ತಪ್ಪಿದ ಕ್ಷಣದಲ್ಲಿ ಒತ್ತಡವು ಚಿಮ್ಮಿ ಡಯೋಡುಗಳು ಸುಟ್ಟುಹೋಗುವುವು. ಪರೀಕ್ಷೆಯೇ ರೋಗವನ್ನು ತಂದಂತಾಯಿತು. ಬ್ಯಾಟರಿಯನ್ನು ತಲೆಕೆಳಗಾಗಿ ಜೋಡಿಸಿದರೂ ಇದೇ ಗತಿ. 1960ರ ದಶಕದ ನಡುವಿನವರೆಗೆ ಇಂಗ್ಲೆಂಡಿನ ಅನೇಕ ಕಾರುಗಳಲ್ಲಿ ಧನಾಗ್ರವನ್ನೇ ಚಾಸಿಗೆ ಸೇರಿಸುತ್ತಿದ್ದುದರಿಂದ, ತೀರ ಹಳೆಯ ಗಾಡಿಯಲ್ಲಿ ಯಾವುದು ಮೈಗೆ ಸೇರಿದೆಯೆಂದು ನೋಡದೆ ಕೈಹಾಕಬಾರದು.

ಕೊನೆಯದಾಗಿ ಒಂದು ಸಂಗತಿ. ಓಡುವಾಗ 14 ವೋಲ್ಟು ಇದ್ದೂ ಎರಡು ದಿನ ನಿಂತರೆ ಬರಿದಾಗುವ ಗಾಡಿಗಳುಂಟು. ಅಲ್ಲಿ ಬೆಳೆ ಬರುತ್ತಿದೆ, ಹಗೇವಿಗೆ ಇಲಿ ಬಿದ್ದಿದೆ. ಎಲ್ಲ ಸ್ವಿಚ್ಚುಗಳನ್ನೂ ಆರಿಸಿ, ಬಾಗಿಲುಗಳನ್ನು ಮುಚ್ಚಿ, ಬ್ಯಾಟರಿಯ ಒಂದು ತಂತಿಯನ್ನು ಕಳಚಿ, ಗುಂಡಿಗೂ ತಂತಿಗೂ ನಡುವೆ ಮೀಟರನ್ನು ಆಂಪಿಯರ್ ಅಳತೆಯಲ್ಲಿಟ್ಟು ಜೋಡಿಸಬೇಕು. ಹೀಗಿರುವಾಗ ಸ್ಟಾರ್ಟರನ್ನು ಮುಟ್ಟಕೂಡದು. ಗಡಿಯಾರ, ರೇಡಿಯೋ ಇಲ್ಲದ ಹಳೆಯ ಕಾರಿನಲ್ಲಿ ಅಂಕಿಯು ಸೊನ್ನೆಗೆ ಸಮೀಪವಾಗಿರಬೇಕು. ಅರ್ಧ ಆಂಪಿಯರ್ ತೋರಿಸಿದರೆ ಎರಡು ದಿನಕ್ಕೆ 24 ಆಂಪಿಯರ್-ಗಂಟೆ ಸೋರಿಹೋಗುವುದು. ಫ್ಯೂಸುಗಳನ್ನು ಒಂದೊಂದಾಗಿ ತೆಗೆಯುತ್ತ ಹೋಗಿ. ಯಾವುದನ್ನು ತೆಗೆದಾಗ ಅಂಕಿ ಬೀಳುವುದೋ ಆ ದಾರಿಯಲ್ಲಿ ಸೋರಿಕೆ. ಯಾವುದಕ್ಕೂ ಬೀಳದಿದ್ದರೆ ಉತ್ಪಾದಕದ ತಂತಿಯನ್ನು ಬಿಡಿಸಿ ನೋಡಿ. ಆಗ ಬಿದ್ದರೆ ಡಯೋಡು ಸೋರುತ್ತಿದೆ, ಇಲ್ಲವೆ ಕಟ್‌ಔಟಿನ ತುಟಿಗಳು ಅಂಟಿಕೊಂಡಿವೆ.

ರಿಪೇರಿಯಾದ ಮೇಲೆ ಗಾಡಿಯನ್ನು ಒಂದೆರಡು ಗಂಟೆ ಓಡಿಸಿ, ರಾತ್ರಿಯೆಲ್ಲ ನಿಲ್ಲಿಸಿ, ಬೆಳಿಗ್ಗೆ ಯಾವುದನ್ನೂ ಹೊತ್ತಿಸುವುದಕ್ಕೆ ಮುಂಚೆ ಬ್ಯಾಟರಿಗೆ ಮೀಟರನ್ನು ಹಿಡಿಯಿರಿ. 12.6ರ ಸುಮಾರು ಇದ್ದರೆ ಹಳೆಯ ಬ್ಯಾಟರಿಯೇ ಇನ್ನೂ ಬಾಳುವುದು. ಹೊರಗಿನ ಯಂತ್ರದಿಂದ ಪೂರ್ತಿ ತುಂಬಿಸಿ, ಎಲ್ಲ ತಂತಿಗಳನ್ನೂ ಕಳಚಿ ಒಂದು ರಾತ್ರಿ ಇಟ್ಟರೂ ಅದು 12ಕ್ಕೆ ಕುಸಿದರೆ ಮಾತ್ರ ಹೊಸ ಬ್ಯಾಟರಿಯ ಅಂಗಡಿಗೆ ಹೋಗಬೇಕು.